ಮೇಫಾಯತ್ ಊರಿನ ನೆಲದ ಮೇಲಿನ ಹೆಸರುಗಳು

ಯೆಹೋಶುವ 13:18 ತೆಗೆಯಿರಿ. ಬರೀ ಊರುಗಳ ಪಟ್ಟಿ. ಇಂಥ ಭಾಗ ಬಂದ್ರೆ ನಾವೆಲ್ಲ ಬೇಗ ಬೇಗ ದಾಟಿಬಿಡ್ತೀವಿ, ಅಲ್ವಾ? ಅಲ್ಲಿ ಮೇಫಾಯತ್ ಅಂತ ಒಂದು ಹೆಸರಿದೆ. ರೂಬೇನ್ಯರ ಪಾಲಿಗೆ ಬಂದ ಊರು. 21ನೇ ಅಧ್ಯಾಯದಲ್ಲಿ ಅದನ್ನು ಲೇವಿಯರಿಗೆ ಕೊಡ್ತಾರೆ.

ಈಗ ಜೋರ್ಡಾನ್ ದೇಶಕ್ಕೆ ಬನ್ನಿ. ಮಾದಬಾ ಪಟ್ಟಣದ ಆಗ್ನೇಯಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಉಮ್ ಅರ್ ರಸಾಸ್ ಎಂಬ ಹಾಳೂರು ಸಿಗುತ್ತೆ. ಮೊದಲು ರೋಮನ್ ಸೈನಿಕರ ಪಾಳೆಯ. 5ನೇ ಶತಮಾನದಿಂದ ಊರಾಗಿ ಬೆಳೆದ ಜಾಗ. 1986ರಲ್ಲಿ ಮಿಕೇಲೆ ಪಿಚ್ಚಿರಿಲ್ಲೋ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಅಲ್ಲಿ ಅಗೆಯಲು ಶುರುಮಾಡಿದರು. ಮಣ್ಣು ಸರಿಸಿದಾಗ ಚರ್ಚಿನ ನೆಲ ಕಾಣಿಸಿತು. ಅದರಲ್ಲಿ ಗ್ರೀಕ್ ಅಕ್ಷರಗಳಲ್ಲಿ ‘ಕಾಸ್ಟ್ರೋನ್ ಮೆಫಾ’, ಅಂದರೆ ಮೆಫಾ ಕೋಟೆ! ನಾವು ದಾಟಿಬಿಟ್ಟ ಆ ಹೆಸರೇ. ಸಣ್ಣ ಊರು, ಆದರೆ 16 ಚರ್ಚುಗಳು.

ಆ ನೆಲ ನಮ್ಮ ಟೈಲ್ಸ್ ಥರ ಅಲ್ಲ. ಬಣ್ಣಬಣ್ಣದ ಸಣ್ಣ ಕಲ್ಲಿನ ಚೂರುಗಳನ್ನು ಒಂದೊಂದಾಗಿ ಸುಣ್ಣದ ಗಾರೆಯಲ್ಲಿ ಕೂರಿಸಿ ಚಿತ್ರ ಮಾಡ್ತಿದ್ದರು. ಮೊಸಾಯಿಕ್ ಅಂತಾರೆ. ಬಿಷಪ್ ಸೆರ್ಗಿಯಸ್ ಕಾಲದಲ್ಲಿ, ಸುಮಾರು 587ರಲ್ಲಿ, ಅಲ್ಲಿನ ಒಂದು ಚರ್ಚಿಗೆ ಇಂಥ ನೆಲ ಹಾಕಿದರು. ಕಾಣಿಕೆ ಕೊಟ್ಟ ಊರಿನವರ ಚಿತ್ರ, ಪಕ್ಕದಲ್ಲಿ ಅವರ ಹೆಸರು.

ಮುಂದೆ ಯಾವುದೋ ಕಾಲದಲ್ಲಿ ಆ ಚಿತ್ರಗಳನ್ನು ಕೆಡಿಸಿದರು. ಸುತ್ತಿಗೆಯಿಂದ ಒಡೆದದ್ದಲ್ಲ. ಕಲ್ಲಿನ ಚೂರುಗಳನ್ನು ಕಿತ್ತು, ಅದೇ ಜಾಗಕ್ಕೆ ಕಲಸುಮೇಲೋಗರವಾಗಿ ಮತ್ತೆ ಕೂರಿಸಿದ್ದಾರೆ. ಕಣ್ಣಿರಬೇಕಾದಲ್ಲಿ ಕಣ್ಣಿಲ್ಲ, ಆದರೆ ನೆಲದಲ್ಲಿ ಗುಂಡಿಯೂ ಇಲ್ಲ. ಇಷ್ಟು ಜೋಪಾನವಾಗಿ ಮಾಡಿದವರು ಅಲ್ಲೇ ಆರಾಧಿಸುತ್ತಿದ್ದ ವಿಶ್ವಾಸಿಗಳೇ ಇರಬೇಕು ಅಂತ ಅನೇಕ ವಿದ್ವಾಂಸರ ಅಭಿಪ್ರಾಯ. ಯಾಕೆ ಮಾಡಿದರು ಅನ್ನೋದರಲ್ಲಿ ಒಮ್ಮತ ಇಲ್ಲ. ನಿಜ ಹೇಳ್ತೀನಿ, ನಾವು ಪೆಂತೆಕೊಸ್ತಿನವರು, ಚರ್ಚಿನಲ್ಲಿ ಚಿತ್ರ ಇಡೋರಲ್ಲ. ಇದನ್ನು ಮೊದಲ ಸಲ ಓದಿದಾಗ ‘ಒಳ್ಳೇದೇ ಆಯ್ತು’ ಅಂದುಕೊಂಡೆ. ಆಮೇಲೆ ಫೋಟೋ ನೋಡಿದೆ. ಮುಖವಿಲ್ಲದ ಮನುಷ್ಯ, ಪಕ್ಕದಲ್ಲಿ ಅಕ್ಷರ ಮಾತ್ರ. ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಯ್ತು.

ಯಾಕಂದ್ರೆ ನನ್ನದೇ ಒಂದು ಕಥೆ ಇದೆ. ಪಾಸ್ಟರ್ ಆಗೋ ಮುಂಚೆ ಒಂದು ಸಭೆಯ ಕಟ್ಟಡಕ್ಕೆ ನನ್ನ ಕೈಲಾದಷ್ಟು ಕೊಟ್ಟಿದ್ದೆ. ಪ್ರತಿಷ್ಠೆಯ ದಿನ ಗೋಡೆಯ ಗ್ರಾನೈಟ್ ಕಲ್ಲಿನಲ್ಲಿ ದಾನಿಗಳ ಹೆಸರು. ನನ್ನದಿಲ್ಲ. ಎಲ್ಲರೂ ಕೈಯೆತ್ತಿ ಸ್ತುತಿಸ್ತಿದ್ದಾರೆ, ನಾನು ಆ ಕಲ್ಲನ್ನು ಮೇಲಿಂದ ಕೆಳಕ್ಕೆ ಮೂರು ಸಲ ಓದ್ತಾ ಇದ್ದೀನಿ. ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಕ್ವಾಯರ್‌ನಲ್ಲಿ ಹಾಡೋರೇ, ಮೀಡಿಯಾ ಟೀಮಿನವರೇ, ರೀಲ್‌ನಲ್ಲಿ ಟ್ಯಾಗ್ ಮಾಡಲಿಲ್ಲ ಅಂತ ಗ್ರೂಪ್ ಬಿಟ್ಟುಹೋದೋರೇ, ನಗಬೇಡಿ.

ಲೂಕ 10:20 ನೋಡಿ. ಎಪ್ಪತ್ತು ಮಂದಿ ಸಂತೋಷದಿಂದ ಕುಣೀತಾ ವಾಪಸ್ ಬಂದಿದ್ದಾರೆ, ದೆವ್ವಗಳೇ ಅಡಗಿದವು ಅಂತ. ಸ್ವಾಮಿ ಅವರನ್ನು ಆ ದೊಡ್ಡ ಕಾರ್ಯದಿಂದ ತಿರುಗಿಸಿ, ನಿಮ್ಮ ಹೆಸರು ಬರೆದಿರೋದು ಪರಲೋಕದಲ್ಲಿ, ಸಂತೋಷ ಅದಕ್ಕಿರಲಿ ಅಂತಾರೆ.

ಆ ಕಾಲದ, ಆ ಸೀಮೆಯ ಚರ್ಚುಗಳ ನೆಲದಲ್ಲಿ ಇನ್ನೊಂದು ಬಗೆಯ ಬರಹವೂ ಸಿಗುತ್ತೆ. ಕಾಣಿಕೆ ಕೊಟ್ಟಿದ್ದಾರೆ, ಹೆಸರು ಹಾಕಿಸಿಲ್ಲ. ‘ಇವರ ಹೆಸರು ಕರ್ತನಿಗೆ ಗೊತ್ತು’ ಎಂಬರ್ಥದ ಒಂದು ಮಾತು, ಅಷ್ಟೇ. ಅಳಿಸೋಕೆ ಬಂದವರಿಗೆ ಅಲ್ಲಿ ಕೆಲಸವೇ ಇಲ್ಲ, ಹಲ್ಲೆಲೂಯಾ!

ಸೆರ್ಗಿಯಸ್ ಚರ್ಚಿನಲ್ಲಿ ಒಂದೇ ಒಂದು ಮುಖ ಕೆಡದೆ ಉಳಿದಿದೆ. ಋತುವೊಂದನ್ನು ಮನುಷ್ಯರೂಪದಲ್ಲಿ ತೋರಿಸಿದ ಚಿತ್ರ. ಅದರ ಮೇಲೆ ಪುಲ್ಪಿಟ್ ಕಟ್ಟಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಪುಲ್ಪಿಟ್ ಮೇಲೆ ನಿಂತ ಪ್ರಸಂಗಿಗೂ ಅದು ಕಾಣ್ತಿರಲಿಲ್ಲ.

ಈ ಭಾನುವಾರ ಕಾಣಿಕೆಯ ಕವರ್ ಮೇಲೆ ಹೆಸರು ಬರೆಯೋ ಜಾಗ ಖಾಲಿ ಬಿಡಿ. ನಾನೂ ಬಿಡ್ತೀನಿ. ಎಲ್ಲರೂ ಎದ್ದು ನಿಂತುಕೊಳ್ಳಿ, ಪ್ರಾರ್ಥಿಸೋಣ.