ಅಡುಗೆ ಏನೆಂದು ಮಾರ್ಕೆಟ್ಟೇ ಹೇಳಲಿ

ಮನೆ ಖರ್ಚು ಇಳಿಸಬೇಕೆಂದು ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಹೊರಡುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಚೀಟಿ ಇರುತ್ತದೆ: ಬೀನ್ಸ್ ಒಂದು ಕೆಜಿ, ಕ್ಯಾರೆಟ್ ಅರ್ಧ, ಟೊಮೆಟೊ ಎರಡು. ತರಕಾರಿಯ ಮಟ್ಟಿಗೆ ಆ ಚೀಟಿ ಬೇಡ ಎಂಬುದು ವರ್ಷಗಟ್ಟಲೆ ಅಲ್ಲಿ ಓಡಾಡಿದ ನನ್ನ ಮೊದಲ ಮಾತು. ಬೀನ್ಸ್ ಏರಿದ ವಾರ ಅದು ಮಾರ್ಕೆಟ್‌ನಲ್ಲೂ ದುಬಾರಿಯೇ. ಮನೆ ಪಕ್ಕದ ಅಂಗಡಿಗಿಂತ ಒಂದಿಷ್ಟು ಕಡಿಮೆ ಇದ್ದೀತು, ಅಷ್ಟೇ. ಆದರೆ ಅದೇ ದಿನ ನಾಲ್ಕು ಹೆಜ್ಜೆ ಆಚೆ ಸೀಮೆಬದನೆಯೋ ಮೂಲಂಗಿಯೋ ಹೀರೆಕಾಯಿಯೋ ರಾಶಿ ಬಿದ್ದಿರುತ್ತದೆ. ಬೀನ್ಸ್‌ನ ಅರ್ಧ ಬೆಲೆ ಕೂಡ ಇರುವುದಿಲ್ಲ. ಹಾಗಾಗಿ ನಾನು ಮೊದಲ ಸುತ್ತು ಚೀಲ ಬಿಚ್ಚುವುದೇ ಇಲ್ಲ, ನೋಡುತ್ತಾ ಹೋಗುತ್ತೇನೆ. ಯಾವುದು ಮೂರು ನಾಲ್ಕು ಕಡೆ ರಾಶಿಯಾಗಿದೆಯೋ ಅದೇ ಆ ವಾರದ ಹುಳಿ, ಪಲ್ಯ, ಗೊಜ್ಜು. ಎರಡನೆಯ ಸುತ್ತಿನಲ್ಲಿ ವ್ಯಾಪಾರ.

ಇದಕ್ಕೆ ಅಡುಗೆಮನೆಯೂ ಒಗ್ಗಬೇಕು. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು, ಊರೆಲ್ಲ ಅದೇ ಮಾತು. ನಮ್ಮ ಮನೆಯಲ್ಲಿ ಆ ತಿಂಗಳು ಸಾರಿಗೆ ಹುಣಸೆಹಣ್ಣು, ಚಿತ್ರಾನ್ನಕ್ಕೆ ನಿಂಬೆ. ನಮ್ಮ ಅಜ್ಜಿ ಹುಳಿಗೆ ನೆಚ್ಚಿದ್ದು ಹುಣಸೆಯನ್ನೇ. ಟೊಮೆಟೊ ಇಲ್ಲದೆ ಸಾರು ಆಗುವುದಿಲ್ಲ ಎಂಬುದು ಈಚೆಗೆ ನಾವು ಮಾಡಿಕೊಂಡ ಅಭ್ಯಾಸ. ಬೆಲೆ ಇಳಿದಾಗಲೂ ಸಾರಿಗೆ ನಾಟಿ ಟೊಮೆಟೊವೇ ಸರಿ. ಹುಳಿ ಚೆನ್ನಾಗಿರುತ್ತದೆ, ಎರಡು ಹಾಕುವ ಕಡೆ ಒಂದು ಸಾಕಾಗುತ್ತದೆ.

1928ರಲ್ಲಿ ಶುರುವಾದ ಈ ಮಾರ್ಕೆಟ್ ಬೆಳಕು ಹರಿಯುವ ಮುಂಚೆಯೇ ಅರ್ಧ ವಹಿವಾಟು ಮುಗಿಸಿರುತ್ತದೆ. ಆ ಹೊತ್ತಿನಲ್ಲಿ ಮೂಟೆ, ಕ್ರೇಟುಗಳ ಲೆಕ್ಕ. ಒಂದೆರಡು ಕೆಜಿ ಕೇಳುವವರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಏಳು ಗಂಟೆಯ ಆಸುಪಾಸು ನಮ್ಮಂಥವರಿಗೆ ಸರಿಯಾದ ಸಮಯ: ಮಾಲು ಹೊಸದು, ಚಿಲ್ಲರೆ ವ್ಯಾಪಾರ ಶುರುವಾಗಿರುತ್ತದೆ. ಸಂಜೆ ಗುಡ್ಡೆಗಳ ಬೆಲೆ ಇಳಿಯುತ್ತದೆ ನಿಜ. ಆದರೆ ಅವತ್ತೇ ಅಡುಗೆ ಮಾಡುವುದಾದರೆ ಮಾತ್ರ ಅದು ಲಾಭ. ತೂಕದ ಅಂದಾಜೂ ಕಣ್ಣಿಗೆ ಬರಬೇಕು. ಮಧ್ಯಮ ಗಾತ್ರದ ಟೊಮೆಟೊ ಕೆಜಿಗೆ ಹತ್ತರ ಸುಮಾರು ಬರುತ್ತದೆ. ಅಷ್ಟು ಗೊತ್ತಿದ್ದರೆ ಗುಡ್ಡೆ ನೋಡಿದ ಕೂಡಲೇ ಅದರ ಬೆಲೆ ನ್ಯಾಯವೋ ಅಲ್ಲವೋ ಹೇಳಬಹುದು.

ಹೋಗಿ ಬರುವ ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ ಉಳಿತಾಯದ ಮಾತಾಡುವುದು ತಪ್ಪು. ಆಟೋದಲ್ಲಿ ಹೋಗಿ ಆಟೋದಲ್ಲಿ ಬಂದರೆ ತರಕಾರಿಯಲ್ಲಿ ಉಳಿದದ್ದು ಮೀಟರಿಗೆ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥ ಹೆಂಗಸರಿಗೆ ಆ ಲೆಕ್ಕವೇ ಬದಲಾಯಿತು. ಬಸ್ಸಿಗೆ ದುಡ್ಡಿಲ್ಲ ಅಂದ ಮೇಲೆ ಎರಡೇ ಚೀಲ ತುಂಬಿದರೂ ಹೋಗಿ ಬಂದದ್ದು ದಂಡವಲ್ಲ. ಬನಶಂಕರಿ ಕಡೆಯವರಿಗೆ ಮಾರ್ಕೆಟ್ ಬಾಗಿಲಿಗೇ ಮೆಟ್ರೋ ಇದೆ, ಆದರೆ ಭಾರದ ಚೀಲ ಹೊತ್ತು ಆ ಮೆಟ್ಟಿಲು ನನ್ನಿಂದಾಗದು.

ಇಷ್ಟೆಲ್ಲ ಹೇಳಿದರೂ ದೊಡ್ಡ ಉಳಿತಾಯ ತರಕಾರಿಯಲ್ಲಿಲ್ಲ. ಅದು ಇರುವುದು ಮಾರ್ಕೆಟ್‌ಗೆ ಅಂಟಿಕೊಂಡೇ ಇರುವ ತರಗುಪೇಟೆಯ ದಿನಸಿ ಮಂಡಿಗಳಲ್ಲಿ. ಇಲ್ಲಿ ಮಾತ್ರ ಚೀಟಿ ಬೇಕು, ಜೊತೆಗೆ ಪಂಚಾಂಗವೂ ಬೇಕು ಅನ್ನಬಹುದು. ಯಾಕೆಂದರೆ ಪ್ರತಿಯೊಂದು ದಿನಸಿಗೂ ಅದರದೇ ಒಂದು ಕಾಲ ಇದೆ.

ತೊಗರಿಬೇಳೆಯನ್ನೇ ನೋಡಿ. ಕಲಬುರಗಿ ಕಡೆ ತೊಗರಿ ಕೊಯ್ಲು ಡಿಸೆಂಬರ್, ಜನವರಿಯಲ್ಲಿ. ಮಿಲ್ಲಿಗೆ ಹೋಗಿ ಬೇಳೆಯಾಗಿ ಇಲ್ಲಿಗೆ ಬರುವಷ್ಟರಲ್ಲಿ ಇನ್ನೊಂದಷ್ಟು ದಿನ. ಒಮ್ಮೆ ಸಂಕ್ರಾಂತಿಗೆ ಮುಂಚೆ ಹೋಗಿ ಬೇಳೆ ಕೇಳಿದಾಗ ನಾನು ಸದಾ ಕೊಳ್ಳುವ ಮಂಡಿಯ ಯಜಮಾನರೇ ತಡೆದರು. “ಈಗ ಎರಡೇ ಕೆಜಿ ತಗೊಳ್ಳಮ್ಮ, ಹೊಸ ಬೇಳೆ ಬರ್ತಿದೆ, ಆಮೇಲೆ ಬೇಕಾದಷ್ಟು ಒಯ್ಯಿ” ಅಂದರು. ಅಂಥ ಮಾತು ಒಂದೇ ಅಂಗಡಿಗೆ ಹೋಗುವವರಿಗೆ ಸಿಗುತ್ತದೆ, ಎಲ್ಲಿ ಎರಡು ರೂಪಾಯಿ ಕಡಿಮೆ ಎಂದು ಅಂಗಡಿ ಸುತ್ತುವವರಿಗೆ ಸಿಗುವುದಿಲ್ಲ. ಹೊಸ ಬೇಳೆ ಬೇಗ ಬೇಯುತ್ತದೆ, ಅಲ್ಲಿ ಗ್ಯಾಸೂ ಉಳಿಯಿತು. ತಂದ ಮೇಲೆ ಬಿಸಿಲಿಗೆ ಹಾಕಿ, ಅಂಗೈಗೆ ಸ್ವಲ್ಪ ಹರಳೆಣ್ಣೆ ಹಚ್ಚಿಕೊಂಡು ಬೇಳೆಗೆ ಸವರಿ ಡಬ್ಬಿಗೆ ತುಂಬಿದರೆ ಹುಳು ಹತ್ತಿರ ಸುಳಿಯುವುದಿಲ್ಲ.

ಅಕ್ಕಿಯ ನ್ಯಾಯ ಇದಕ್ಕೆ ತಿರುಗುಮುರುಗು. ಹೊಸ ಅಕ್ಕಿ ಅಗ್ಗ, ಆದರೆ ಅನ್ನ ಮುದ್ದೆಯಾಗುತ್ತದೆ. ಹಳೆ ಅಕ್ಕಿ ಒದಗುತ್ತದೆ, ಅದಕ್ಕೇ ಬೆಲೆ ಜಾಸ್ತಿ. ಜಾಗ ಇರುವವರು ಹೊಸ ಸೋನಾ ಮಸೂರಿ ಚೀಲ ತಂದು ತಾವೇ ಹಳತು ಮಾಡಿಕೊಳ್ಳಬಹುದು. ನಾವು ಮಾಡುವುದು ಅದನ್ನೇ. ಒಂದು ಚೀಲ ಅನ್ನಕ್ಕೆ ನಡೆಯುತ್ತಿರುವಾಗ ಇನ್ನೊಂದು ಒಣಬೇವಿನ ಸೊಪ್ಪಿನ ಜೊತೆ ಮೂಲೆಯಲ್ಲಿ ಹಳೆಯದಾಗುತ್ತಿರುತ್ತದೆ. ಇನ್ನೊಂದು ವಿಷಯ ಬಹಳ ಜನ ಗಮನಿಸಿಲ್ಲ. 2022ರ ಜುಲೈನಿಂದ 25 ಕೆಜಿವರೆಗಿನ, ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಪ್ಯಾಕೆಟ್ಟಿಗೆ ಶೇ 5 ಜಿಎಸ್‌ಟಿ ಬಂತು. ಬಿಡಿಯಾಗಿ ತೂಗಿಸಿಕೊಂಡರೆ ಅದಿಲ್ಲ, 25 ಕೆಜಿ ಮೀರಿದ ಚೀಲಕ್ಕೂ ಇಲ್ಲ. ಅಂಗಡಿಗಳಲ್ಲಿ ಇದ್ದಕ್ಕಿದ್ದಂತೆ 26 ಕೆಜಿ ಅಕ್ಕಿ ಚೀಲ ಕಾಣಿಸಿಕೊಂಡದ್ದು ಇದೇ ಕಾರಣಕ್ಕೆ.

ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಎರಡನ್ನೂ ಬೇಸಿಗೆ ಮುಗಿಯುವುದರೊಳಗೆ ತಂದು ಒಣಗಿಸಿ ಎತ್ತಿಡಬೇಕು. ಈರುಳ್ಳಿಯಲ್ಲಿ ಎಚ್ಚರ ಬೇಕು. ಮಳೆಗಾಲದ ಬೆಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಗ್ಗಕ್ಕೆ ಸಿಕ್ಕರೂ ಅದರಲ್ಲಿ ನೀರಿನಂಶ ಹೆಚ್ಚು, ಚೀಲದಲ್ಲೇ ಕೊಳೆಯುತ್ತದೆ. ಇಟ್ಟುಕೊಳ್ಳುವುದಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಬರುವ ಬೇಸಿಗೆಯ ಒಣ ಈರುಳ್ಳಿಯೇ ಬೇಕು. ರಾಗಿಯ ಚಿಂತೆ ಇಲ್ಲ. ಹಗೇವಿನಲ್ಲಿ ವರ್ಷಗಟ್ಟಲೆ ಉಳಿಯುತ್ತಿದ್ದ ಧಾನ್ಯ ಅದು.

ಇಷ್ಟು ದಿನಸಿಗೆ ಒಟ್ಟಿಗೇ ದುಡ್ಡು ಎಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ತಿಂಗಳ ಸಂಬಳದಲ್ಲೇ ಬದುಕುವ ಮನೆಗೆ ಇಡೀ ವರ್ಷದ ಬೇಳೆ ಭಾರ. ಅದಕ್ಕೆ ನಾವು ಕಂಡುಕೊಂಡ ದಾರಿ ಪಾಲು. ನಮ್ಮ ಬೀದಿಯ ಮೂರು ಮನೆಯವರು ಸೇರಿ ಒಂದು ಮೂಟೆ ತರುತ್ತೇವೆ, ಮನೆಯ ತಕ್ಕಡಿಯಲ್ಲಿ ತೂಗಿ ಹಂಚಿಕೊಳ್ಳುತ್ತೇವೆ. ಟೊಮೆಟೊ ಕ್ರೇಟ್ ಕೂಡ ಹಾಗೆಯೇ; ಒಂದೇ ಮನೆಗೆ ತಂದರೆ ಕಾಲುಭಾಗ ಕೊಳೆತು ಹೋಗುತ್ತದೆ, ಆಗ ಅಗ್ಗವೂ ದುಬಾರಿಯೇ. ಪಾಲಿನಲ್ಲಿ ಲೆಕ್ಕ ಚೊಕ್ಕವಾಗಿರಬೇಕು. ಆವತ್ತಿನ ದುಡ್ಡು ಆವತ್ತೇ.

ಬೆಲೆ ಹೋಲಿಸಲು ಹಾಪ್‌ಕಾಮ್ಸ್ ಒಳ್ಳೆಯ ಅಳತೆಗೋಲು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆ ಅದು, ದಿನದ ಬೆಲೆಯನ್ನು ಪ್ರಕಟಿಸುತ್ತದೆ. ಮಾರ್ಕೆಟ್‌ನ ಬೆಲೆ ಅದರ ಹತ್ತಿರವೇ ಇದ್ದರೆ ಹಣ್ಣನ್ನು ಅಷ್ಟು ದೂರದಿಂದ ಹೊತ್ತು ತರುವುದು ವ್ಯರ್ಥ. ಹಬ್ಬದ ಹಿಂದಿನ ದಿನವಂತೂ ಮಾರ್ಕೆಟ್ ಕಡೆ ತಲೆ ಹಾಕಲೇಬಾರದು. ವರಮಹಾಲಕ್ಷ್ಮಿಗೆ ಬೇಕಾದ ತೆಂಗಿನಕಾಯಿ, ಬೆಲ್ಲವನ್ನು ವಾರ ಮುಂಚೆಯೇ ತಂದಿಟ್ಟರೆ ಹೂವಿಗೆ ಮಾತ್ರ ಆವತ್ತಿನ ಬೆಲೆ ಕೊಟ್ಟರಾಯಿತು.

ಚೌಕಾಸಿಯ ಬಗ್ಗೆ ಇಷ್ಟು ಹೊತ್ತು ನಾನು ಹೇಳಿಲ್ಲ, ಬೇಕೆಂದೇ ಹೇಳಿಲ್ಲ. ಮಂಡಿಯಲ್ಲಿ ಮೂಟೆ ಕೊಳ್ಳುವಾಗ ಕೇಳುವುದು ಸರಿ. ಅಲ್ಲಿ ಕೆಜಿಗೆ ಒಂದೆರಡು ರೂಪಾಯಿ ಇಳಿದರೂ ಒಟ್ಟು ಮೊತ್ತದಲ್ಲಿ ಕಾಣುತ್ತದೆ. ಹೊರಗೆ ಗೋಣಿತಾಟಿನ ಮೇಲೆ ದಂಟು, ಸಬ್ಬಸಿಗೆ, ಮೆಂತ್ಯ ಹರಡಿಕೊಂಡು ಕೂತವರ ಹತ್ತಿರ ಬೇಡ. ಎಷ್ಟೋ ಜನ ನಸುಕಿಗೆ ಮುಂಚೆಯೇ ಎದ್ದು, ದೂರದ ಹಳ್ಳಿಯಿಂದ ಕಟ್ಟು ಹೊತ್ತು ತಂದವರು. ಮಧ್ಯಾಹ್ನದ ಬಿಸಿಲಿಗೆ ಸೊಪ್ಪು ಬಾಡಿದರೆ ನಷ್ಟವೆಲ್ಲ ಅವರದೇ. ಕೇಳದೆಯೇ “ಇದೊಂದು ಕೊಸರು ತಗೊಳಮ್ಮ” ಎಂದು ಕೊತ್ತಂಬರಿ ಚೀಲಕ್ಕೆ ತುರುಕುವವರೂ ಅವರೇ. ಅವರ ಐದು ರೂಪಾಯಿ ಕತ್ತರಿಸಿ ಯಾವ ಮನೆಯೂ ಉದ್ಧಾರವಾದದ್ದನ್ನು ನಾನು ಕಂಡಿಲ್ಲ. ಮಾರ್ಕೆಟ್‌ಗೆ ಹೋಗುವಾಗ ಬಟ್ಟೆ ಚೀಲ, ಹತ್ತು ಇಪ್ಪತ್ತರ ಚಿಲ್ಲರೆ ನೋಟು ಜೊತೆಗಿರಲಿ. ಸೊಪ್ಪಿಗೆ ಅವರು ಹೇಳಿದ ಬೆಲೆಯನ್ನೇ ಕೊಡಿ.