ಕೆಸರುಗದ್ದೆಯಲ್ಲಿ ಹುಟ್ಟುವ ವಾಯು

ತಾಮ್ರದ ಚೂರುಗಳ ಮೇಲೆ ನೀರು ಬೆರೆಸಿದ ನೈಟ್ರಿಕ್ ಆಮ್ಲವನ್ನು ಸುರಿದರೆ ಬಣ್ಣವಿಲ್ಲದ ವಾಯುವೊಂದು ಹುಟ್ಟಿ, ಗಾಳಿ ಸೋಕಿದೊಡನೆ ಕಂದುಬಣ್ಣಕ್ಕೆ ತಿರುಗುವುದು. ರಸಾಯನ ಪಾಠದ ಈ ಪ್ರಯೋಗವು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿದ್ದೀತು. ನೈಟ್ರಿಕ್ ಆಕ್ಸೈಡ್ ಎಂಬ ಆ ವಾಯುವನ್ನೇ ಜೀವಾಣುಗಳು ಗದ್ದೆಯ ಕೆಸರಿನಲ್ಲಿ ಹಗಲಿರುಳು ತಯಾರಿಸುತ್ತಿರುವುವು.

ಹಡಗಲಿ ತಾಲ್ಲೂಕಿನ ಮಾಗಳವು ತುಂಗಭದ್ರೆಯ ದಡದ ಊರು. ಇಂಥ ಊರುಗಳಲ್ಲಿ ನೀರು ಕಟ್ಟಿದ ನೆಲ್ಲಿನ ಗದ್ದೆಗೆ ಯೂರಿಯಾ ಎರಚುವುದುಂಟು. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ. ಪೈರಿಗೆ ದಕ್ಕದ ಭಾಗವೆಲ್ಲ ನೀರಿನೊಡನೆ ಹರಿದುಹೋಯಿತೆಂದು ಹೇಳುವವರೇ ಹೆಚ್ಚು. ಆ ಮಾತು ಅರ್ಧ ಮಾತ್ರ ನಿಜ. ಒಂದಂಶವು ವಾಯುವಾಗಿ ಆಕಾಶಕ್ಕೇರುವುದು.

ಇದು ನಡೆಯುವ ಬಗೆ ಹೀಗೆ. ನೀರಿನ ತಳದಲ್ಲಿರುವ ಮಣ್ಣಿನ ತೆಳುವಾದ ಮೇಲ್ಪದರದಲ್ಲಿ ಗಾಳಿಯ ಸಂಪರ್ಕವಿರುವುದರಿಂದ ಅಲ್ಲಿ ಗೊಬ್ಬರವು ನೈಟ್ರೇಟಾಗುವುದು. ಅದು ಕೆಳಗಿನ ಕಪ್ಪು ಕೆಸರಿಗೆ ಇಳಿದಾಗ ಅಲ್ಲಿ ಆಮ್ಲಜನಕವಿಲ್ಲ. ಅಲ್ಲಿನ ಕೆಲವು ಜೀವಾಣುಗಳು ಆಮ್ಲಜನಕಕ್ಕೆ ಬದಲಾಗಿ ನೈಟ್ರೇಟಿನಿಂದಲೇ ಉಸಿರಾಟವನ್ನು ಸಾಗಿಸುವುವು. ಫ್ರಾನ್ಸಿನ ಗೇಯೋಂ ಮತ್ತು ದ್ಯುಪೆತಿ ಎಂಬ ವಿದ್ವಾಂಸರು 1886ರಲ್ಲಿಯೇ ಇಂಥವುಗಳನ್ನು ಬೇರ್ಪಡಿಸಿದ್ದರು. ನೈಟ್ರೇಟು ಮೊದಲು ನೈಟ್ರೈಟ್ ಆಗುವುದು. ಆ ನೈಟ್ರೈಟನ್ನು ನೈಟ್ರಿಕ್ ಆಕ್ಸೈಡಾಗಿ ಮಾರ್ಪಡಿಸುವ ಕಿಣ್ವವೇ ನೈಟ್ರೈಟ್ ರಿಡಕ್ಟೇಸ್. ನೀರಿನಲ್ಲಿ ಕರಗಿದ್ದ ಸಾರವು ವಾಯುವಾಗುವುದು ಈ ಮೆಟ್ಟಿಲಿನಲ್ಲಿ. ಈ ಕಿಣ್ವದಲ್ಲಿ ಎರಡು ಬಗೆ: ಒಂದರ ನಡುವೆ ತಾಮ್ರ, ಇನ್ನೊಂದರಲ್ಲಿ ನಮ್ಮ ರಕ್ತದ ಕೆಂಪಿನಲ್ಲಿರುವಂತೆ ಕಬ್ಬಿಣ. ಪ್ರಯೋಗಶಾಲೆಯ ತಾಮ್ರವು ಇಲ್ಲಿಯೂ ಕಾಣಿಸಿಕೊಂಡುದು ನಮಗೆ ವಿನೋದವಾಗಿ ತೋರಿತು. ನೈಟ್ರಿಕ್ ಆಕ್ಸೈಡ್ ಜೀವಾಣುವಿಗೂ ವಿಷವಾದುದರಿಂದ, ಬೇರೆ ಕಿಣ್ವಗಳು ಅದನ್ನು ಒಡನೆಯೇ ನೈಟ್ರಸ್ ಆಕ್ಸೈಡಾಗಿಯೂ ಕೊನೆಗೆ ಶುದ್ಧ ಸಾರಜನಕವಾಗಿಯೂ ಮಾಡುವುವು.

ಗೊಬ್ಬರವನ್ನು ಒಂದೇ ಸಲ ನಿಂತ ನೀರಿಗೆ ಎರಚದೆ, ಕಂತುಕಂತಾಗಿ, ಸಾಧ್ಯವಾದರೆ ಕೆಸರಿನೊಳಕ್ಕೆ ಸೇರಿಸಿ ಕೊಡಬೇಕೆಂದು ಹೇಳುವುದು ಈ ಕಾರಣದಿಂದಲೇ.

ಗದ್ದೆಗೆ ನಷ್ಟವಾದ ಈ ಕ್ರಿಯೆ ಬಾವಿಗೆ ಉಪಕಾರಿ. ಗಾಳಿಯಾಡುವ ಒಣ ಭೂಮಿಯಲ್ಲಿ ಕಿಣ್ವದ ಕೆಲಸ ನಡೆಯದೆ, ಹೊಲದ ಗೊಬ್ಬರದ ನೈಟ್ರೇಟೂ ತಿಪ್ಪೆಯ ನೈಟ್ರೇಟೂ ಅಂತರ್ಜಲಕ್ಕೆ ಇಳಿಯುವುವು. ತಾಯಂದಿರು ಇದನ್ನು ಗಮನಿಸಬೇಕು. ಎಳೆಗೂಸಿನ ಹೊಟ್ಟೆಯಲ್ಲಿ ನೈಟ್ರೇಟು ನೈಟ್ರೈಟಾಗಿ ರಕ್ತವನ್ನು ಸೇರಿದರೆ, ರಕ್ತವು ಆಮ್ಲಜನಕವನ್ನು ಒಯ್ಯಲಾರದೆ ಮಗುವಿನ ತುಟಿ ಉಗುರುಗಳು ನೀಲಿಯಾಗುವುವು, ಪ್ರಾಣಕ್ಕೂ ಅಪಾಯವುಂಟು. ಅಮೆರಿಕದ ವೈದ್ಯ ಕಾಮ್ಲಿ ಎಂಬವರು ಬಾವಿಯ ನೀರೇ ಇದಕ್ಕೆ ಕಾರಣವೆಂದು 1945ರಲ್ಲಿ ತಿಳಿಸಿದರು. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಗೊತ್ತುಮಾಡಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟು. ಕುದಿಸಿದರೆ ರೋಗಾಣುಗಳು ಸಾಯುವುವು, ನೈಟ್ರೇಟು ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣವು ಹೆಚ್ಚುವುದು. ಆದಕಾರಣ ಹೊಲದ ಮಗ್ಗುಲಿನ ಬಾವಿ ಅಥವಾ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಶಿಶುವಿನ ಹಾಲಿಗೆ ಬೆರೆಸಬಾರದು.