ಬೆಳಕು ಬಿಡಿಸುವ ಲೆಕ್ಕ

ಬೆಳಕು ದಾರಿ ತೋರಿಸುತ್ತದೆಂಬುದನ್ನು ಎಳೆಯ ಮಕ್ಕಳೂ ಬಲ್ಲರು; ಅದು ಲೆಕ್ಕವನ್ನೂ ಬಿಡಿಸಬಲ್ಲುದೆಂದರೆ ಹಿರಿಯರೂ ಆಶ್ಚರ್ಯಪಡುವರು. ಇದು ಹೇಗೆಂಬುದನ್ನು ಒಂದು ದೃಷ್ಟಾಂತದಿಂದ ವಿಚಾರಿಸೋಣ.

ಒಂದು ತರಗತಿಯಲ್ಲಿ 20 ಮಂದಿ ಹುಡುಗಿಯರಿರುವರೆಂದು ಭಾವಿಸೋಣ. ಅವರಲ್ಲಿ ಕೆಲವು ಜೋಡಿಗಳು ಒಟ್ಟಿಗಿದ್ದರೆ ಮಾತು ಮುಗಿಯುವುದೇ ಇಲ್ಲ. ಉಪಾಧ್ಯಾಯಿನಿಯವರು ತರಗತಿಯನ್ನು ಎರಡು ಗುಂಪು ಮಾಡಿ, ಇಂಥ ಜೋಡಿಗಳಲ್ಲಿ ಆದಷ್ಟು ಹೆಚ್ಚಿನವುಗಳನ್ನು ಬೇರ್ಪಡಿಸಬೇಕು. ಎಲ್ಲವನ್ನೂ ಬೇರ್ಪಡಿಸುವುದು ಯಾವಾಗಲೂ ಸಾಧ್ಯವಲ್ಲ. ಮೂವರು ಗೆಳತಿಯರು ಪರಸ್ಪರ ಮಾತುಗಾರ್ತಿಯರಾದರೆ, ಹೇಗೆ ಕೂರಿಸಿದರೂ ಒಂದು ಜೋಡಿ ಒಟ್ಟಿಗೆ ಉಳಿದೇ ಉಳಿಯುವುದು. 20 ಮಂದಿಯನ್ನು ಹೀಗೆ ವಿಭಾಗಿಸಲು 5,24,287 ವಿಧಗಳುಂಟು. 2000 ಮಂದಿಯಾದರೆ, ಆ ವಿಧಗಳ ಸಂಖ್ಯೆಯನ್ನು ಬರೆಯುವುದಕ್ಕೇ 600ಕ್ಕೂ ಹೆಚ್ಚು ಅಂಕಿಗಳು ಬೇಕು! ಒಂದೊಂದನ್ನೂ ಪರೀಕ್ಷಿಸುವುದು ಅತಿವೇಗದ ಕಂಪ್ಯೂಟರಿಗೂ ಅಸಾಧ್ಯ. ವಿದ್ಯುನ್ಮಂಡಲಗಳಲ್ಲಿ ತಂತಿಗಳನ್ನು ಹಂಚುವಾಗಲೂ ಇಂಥದೇ ಪ್ರಶ್ನೆ ಏಳುತ್ತದೆ.

2016ರಲ್ಲಿ ಜಪಾನಿನ ಎನ್‌ಟಿಟಿ ಸಂಸ್ಥೆಯ ವಿಜ್ಞಾನಿಗಳೂ ಅವರ ಸಹಕಾರಿಗಳೂ ಇದಕ್ಕೊಂದು ಹೊಸ ಉಪಾಯವನ್ನು ಪ್ರಕಟಿಸಿದರು. ಅವರು 1 ಕಿಲೋಮೀಟರ್ ಉದ್ದದ ಗಾಜಿನ ಎಳೆಯನ್ನು ಬಳೆಯಂತೆ ಸೇರಿಸಿ, ಅದರೊಳಗೆ ಬೆಳಕಿನ ಚಿಕ್ಕ ಚಿಕ್ಕ ಮಿಡಿತಗಳನ್ನು ಸಾಲಾಗಿ ಸುತ್ತಿಸಿದರು. ಒಂದು ಸುತ್ತಿಗೆ ತಗಲುವ ಕಾಲ ಸೆಕೆಂಡಿನ ಸುಮಾರು ಎರಡು ಲಕ್ಷದಲ್ಲೊಂದು ಪಾಲು. ನಮ್ಮ ದೃಷ್ಟಾಂತದಲ್ಲಿ ಒಂದೊಂದು ಮಿಡಿತವೂ ಒಬ್ಬೊಬ್ಬ ಹುಡುಗಿಯೆಂದು ತಿಳಿಯಬೇಕು.

ಬೆಳಕು ಅಲೆಯ ರೂಪದ್ದು. ಎರಡು ಉಯ್ಯಾಲೆಗಳು ಒಟ್ಟಿಗೆ ಮುಂದಕ್ಕೆ ಹೋಗಬಹುದು. ಇಲ್ಲವೆ ಒಂದು ಮುಂದಕ್ಕೆ ಹೋದಾಗ ಮತ್ತೊಂದು ಹಿಂದಕ್ಕೆ ಬರಬಹುದು. ಈ ಯಂತ್ರದಲ್ಲಿಯೂ ಪ್ರತಿಯೊಂದು ಮಿಡಿತದ ಅಲೆಗೆ ಇಂಥ ಎರಡೇ ಸ್ಥಿತಿಗಳು ಸಾಧ್ಯವಾಗುವಂತೆ ಏರ್ಪಡಿಸಿದೆ. ಒಂದು ಸ್ಥಿತಿ ಮೊದಲನೆಯ ಗುಂಪು, ಇನ್ನೊಂದು ಎರಡನೆಯದು. ಬೇರ್ಪಡಬೇಕಾದ ಜೋಡಿಗಳನ್ನು, ಸ್ವಲ್ಪ ಬೆಳಕನ್ನು ಬೆರಸಿ, ವಿರುದ್ಧ ಸ್ಥಿತಿಗಳ ಕಡೆಗೆ ಮೆಲ್ಲನೆ ನೂಕುತ್ತಾರೆ. ಮಿಡಿತಗಳ ಬಲವು ಏರುತ್ತ ಬಂದಂತೆ, ಅವೆಲ್ಲವೂ ಕೂಡಿ ವಿರೋಧವು ಕಡಮೆಯಾಗಿರುವ ಒಂದು ಏರ್ಪಾಟಿನಲ್ಲಿ ನೆಲೆಗೊಳ್ಳುವುವು. ಆ ಏರ್ಪಾಟೇ ಉತ್ತರ. ಅದು ಕೆಲವೇ ಮಿಲಿಸೆಕೆಂಡುಗಳಲ್ಲಿ ದೊರೆಯುತ್ತದೆ. ಈ ಯಂತ್ರವು 2000 ಬಿಂದುಗಳ ಪ್ರಶ್ನೆಗಳನ್ನು ಬಿಡಿಸಿತು. 2021ರಲ್ಲಿ ಪ್ರಕಟವಾದ ಇನ್ನೊಂದು ಯಂತ್ರದಲ್ಲಿ ಆ ಸಂಖ್ಯೆ ಒಂದು ಲಕ್ಷಕ್ಕೆ ಏರಿತು.

ಆದರೆ ಹೊಗಳಿಕೆಯು ಸತ್ಯವನ್ನು ಮೀರಬಾರದು. ಇಲ್ಲಿ ಎರಡು ಸಂಗತಿಗಳನ್ನು ನಾವು ಮರೆಯಲಾಗದು. ಮೊದಲನೆಯದಾಗಿ, ದೊರೆತ ಉತ್ತರವು ಒಳ್ಳೆಯದಾಗಿದ್ದರೂ ಅದೇ ಅತ್ಯುತ್ತಮವೆಂಬ ಭರವಸೆಯಿಲ್ಲ. ಎರಡನೆಯದಾಗಿ, ಇಲ್ಲಿ ಬೆಳಕು ಒಂಟಿಯಾಗಿ ದುಡಿಯುವುದಿಲ್ಲ. ಪ್ರತಿ ಸುತ್ತಿನಲ್ಲಿಯೂ ಮಿಡಿತಗಳನ್ನು ಅಳೆದು, ಯಾವುದನ್ನು ಎಷ್ಟು ನೂಕಬೇಕೆಂದು ಗುಣಿಸಿ ಕೂಡಿಸುವ ಶ್ರಮವು ವಿದ್ಯುತ್ತಿನ ಮಂಡಲದ್ದೇ. ಆದುದರಿಂದ ಬೆಳಕಿನ ಯಂತ್ರವು ಕಂಪ್ಯೂಟರನ್ನು ಮೂಲೆಗೆ ತಳ್ಳಿತೆಂದು ಹೇಳುವುದು ಸರಿಯಲ್ಲ. ಒಂದು ಬಗೆಯ ಕಠಿನ ಪ್ರಶ್ನೆಗೆ ಇಬ್ಬರೂ ಕೈಗೂಡಿಸಿದರೆನ್ನುವುದೇ ಯುಕ್ತ.

ಮನೆಯಲ್ಲಿ ಮಕ್ಕಳು ಈ ವಿಷಯವನ್ನು ಕೇಳಿದರೆ, ಮೂವರು ಗೆಳತಿಯರ ಲೆಕ್ಕವನ್ನು ಮೊದಲು ಅವರ ಮುಂದಿಡಿರಿ. ಆಮೇಲೆ ನಾಲ್ವರದನ್ನು ಅವರೇ ಬಿಡಿಸಿ ನೋಡಲಿ.